ಬರೆಸುವ ಮೊದಲು ಕೇಳಿಸಿ: ಮನೆಯಲ್ಲಿ ಮಗುವಿನ ಮೊದಲ ಓದು

ಮೂರು ವರ್ಷ ತುಂಬುತ್ತಿದ್ದಂತೆ ಮಗುವಿನ ಕೈಗೆ ಬಳಪ ಕೊಟ್ಟು ‘ಅ’ ತಿದ್ದಿಸಲು ಕೂರುವ ಮನೆಗಳು ನಮ್ಮಲ್ಲಿ ಬಹಳ. ಅಕ್ಕರೆಯಿಂದಲೇ ಮಾಡುವ ಕೆಲಸವದು, ಆದರೆ ಕ್ರಮ ಹಿಂದುಮುಂದಾಗಿದೆ. ಓದು ಶುರುವಾಗುವುದು ಕಿವಿಯಿಂದ. ಮೂರರಿಂದ ಆರು ವರ್ಷದ ಮಕ್ಕಳಿಗಾಗಿ ಮನೆಯಲ್ಲೇ ಏನೇನು ಮಾಡಬಹುದು ಎಂಬುದು ಇಲ್ಲಿದೆ.

ಮೊದಲು ಸದ್ದಿನ ಆಟ

ತರಕಾರಿ ಹೆಚ್ಚುವಾಗ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ‘ಬ-ದ-ನೆ’ ಎಂದು ಒಂದೊಂದು ಸದ್ದಿಗೂ ಚಪ್ಪಾಳೆ ತಟ್ಟಿ. ‘ಹು-ರು-ಳಿ-ಕಾ-ಯಿ’ಗೆ ಐದು ಚಪ್ಪಾಳೆ. ಕನ್ನಡದಲ್ಲಿ ಹೆಚ್ಚುಕಡಿಮೆ ಒಂದು ಚಪ್ಪಾಳೆಗೆ ಒಂದು ಅಕ್ಷರ ಬರುತ್ತದೆ. ಪದವನ್ನು ಹೀಗೆ ಬಾಯಲ್ಲೇ ಬಿಡಿಸಲು ಕಲಿತ ಮಗುವಿಗೆ ಮುಂದೆ ಅಕ್ಷರ ಕೂಡಿಸುವುದು ಸಲೀಸು. ಬಸ್ಸಿನಲ್ಲಿ ಹೋಗುವಾಗ ಪದಬಂಡಿ ಆಡಿ: ಕಾಗದ, ದನ, ನರಿ, ರಿಕ್ಷಾ. ‘ಅರಸ’ದಲ್ಲಿ ‘ಅ’ ತೆಗೆದರೆ ಏನು ಉಳಿಯಿತು ಎಂದು ಕೇಳಿ. ಉತ್ತರ ತಡವಾದರೆ ನೀವೇ ಹೇಳಿಬಿಡಿ, ಇದು ಪರೀಕ್ಷೆಯಲ್ಲ.

ದಿನಕ್ಕೊಂದು ಕತೆ, ಗಟ್ಟಿಯಾಗಿ

ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ ಸಾಕು. ಮಗು ತೊಡೆಯ ಮೇಲಿರಲಿ, ಪುಸ್ತಕ ಇಬ್ಬರಿಗೂ ಕಾಣುವಂತಿರಲಿ. ಓದುತ್ತಾ ಸಾಲಿನ ಕೆಳಗೆ ಬೆರಳು ಸರಿಸಿ. ಓದುವುದು ಚಿತ್ರವನ್ನಲ್ಲ, ಈ ಕಪ್ಪು ಗುರುತುಗಳನ್ನು, ಅದೂ ಎಡದಿಂದ ಬಲಕ್ಕೆ ಎಂಬುದನ್ನು ಮಗು ಬೆರಳು ನೋಡಿಯೇ ತಿಳಿಯುತ್ತದೆ. ಪುಟ ತಿರುಗಿಸುವ ಮೊದಲು ತಡೆದು, ‘ಈಗ ಏನಾಗಬಹುದು?’ ಎಂದು ಕೇಳಿ. ಅದೇ ಕತೆ ಬೇಕೆಂದು ಹಟ ಹಿಡಿದರೆ ಬೇಸರಿಸದೆ ಅದನ್ನೇ ಓದಿ. ಬಾಯಿಪಾಠವಾದ ಕತೆಯಲ್ಲಿಯೇ ಮಗು ಮೊದಲ ಪದಗಳನ್ನು ಗುರುತು ಹಿಡಿಯುವುದು.

ಪುಸ್ತಕದಲ್ಲಿ ‘ಹಸು’ ಎಂದಿರುತ್ತದೆ, ನಿಮ್ಮ ಮನೆಯಲ್ಲಿ ‘ಆಕಳು’ ಎನ್ನುತ್ತೀರಿ. ಎರಡನ್ನೂ ಹೇಳಿ. ಮನೆಮಾತು ತಪ್ಪು ಎಂದು ಮಗುವಿಗೆ ಅನ್ನಿಸಿದರೆ ಅದು ಬಾಯಿ ಬಿಡುವುದನ್ನೇ ನಿಲ್ಲಿಸುತ್ತದೆ. ಮನೆಯಲ್ಲಿ ತುಳುವೋ ಉರ್ದುವೋ ಲಂಬಾಣಿಯೋ ಇದ್ದರೆ ಕತೆಯ ಮಾತುಕತೆ ಆ ಭಾಷೆಯಲ್ಲೇ ನಡೆಯಲಿ. ಓದಲು ಬಾರದ ತಾಯಿತಂದೆಯರು ಚಿತ್ರ ತೋರಿಸಿ ಕತೆ ಕಟ್ಟಬಹುದು, ಅಜ್ಜಿ ತನಗೆ ಗೊತ್ತಿರುವ ಕತೆ ಹೇಳಬಹುದು. ಅಕ್ಷರ ಬಾರದವರು ಮಗುವಿಗೆ ಕಲಿಸಲಾರರು ಎಂಬ ಮಾತನ್ನು ದಯವಿಟ್ಟು ನಂಬಬೇಡಿ.

ಅಕ್ಷರ: ವರ್ಣಮಾಲೆಯ ಕ್ರಮ ಬೇಕಿಲ್ಲ

ಮೊದಲ ಅಕ್ಷರಗಳು ಮಗುವಿನ ಹೆಸರಿನಲ್ಲಿಯೇ ಇರಲಿ. ಅವನ್ನು ಅಂಗಡಿ ಫಲಕದಲ್ಲಿ, ಬಸ್ಸಿನ ಹಣೆಯ ಮೇಲೆ ಹುಡುಕಿಸಿ. ‘ಅ’ದಿಂದ ‘ಳ’ವರೆಗೆ ಸಾಲಾಗಿ ಕಲಿಸಿದರೆ ಋ, ಐ, ಔ, ಙ, ಞಗಳಂಥ ಅಪರೂಪದ ಅಕ್ಷರಗಳು ದಾರಿಗೆ ಅಡ್ಡ ಬರುತ್ತವೆ, ಓದಬಲ್ಲ ಪದ ಒಂದೂ ಸಿಗದೆ ತಿಂಗಳುಗಳೇ ಕಳೆಯುತ್ತವೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ಸರ್ಕಾರಿ ಶಾಲೆಗಳಿಗೆ ಹಬ್ಬಿದ ‘ನಲಿ-ಕಲಿ’ ಎಂಬ ಕಲಿಕಾ ಪದ್ಧತಿ ಈ ಕ್ರಮವನ್ನೇ ಬದಲಿಸಿತು. ಅಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಈ ಐದರಲ್ಲೇ ಸರ, ಅರಸ, ಅಗಸ, ದಸರ, ಗರಗಸ ಎಲ್ಲವೂ ಸಿಗುತ್ತವೆ. ‘ನಾನೇ ಓದಿದೆ’ ಎಂಬ ಹಿಗ್ಗು ಮಗುವಿಗೆ ಮೊದಲ ವಾರಗಳಲ್ಲೇ ದಕ್ಕಬೇಕು. ಮನೆಯಲ್ಲೂ ಇದೇ ಕ್ರಮ ಹಿಡಿಯಿರಿ, ರಟ್ಟಿನ ತುಂಡುಗಳ ಮೇಲೆ ಬರೆದು ಜೋಡಿಸಲು ಕೊಡಿ. ದ–ಧ, ಬ–ಭ, ಪ–ಷ ಜೋಡಿಗಳನ್ನು ಮಾತ್ರ ಒಟ್ಟಿಗೆ ಕಲಿಸಬೇಡಿ.

ಕಾಗುಣಿತಕ್ಕೆ ಕಾಯಿರಿ

ಕಾಗುಣಿತ, ಒತ್ತಕ್ಷರಗಳು ಬಂದಾಗ ಮಗು ಮುಗ್ಗರಿಸುವುದು ಸಹಜ. ಕನ್ನಡ ಮಕ್ಕಳ ಓದಿನ ಬಗ್ಗೆ ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ನಮ್ಮ ಅಕ್ಷರಗಳೆಲ್ಲ ಕೈವಶವಾಗಲು ಶಾಲೆಯ ಮೊದಲ ವರ್ಷಗಳನ್ನು ಮೀರಿಯೂ ಸಮಯ ಬೇಕು ಎಂದು ತೋರಿಸಿದೆ. ಒಂದನೇ ತರಗತಿಯಲ್ಲಿ ‘ಕೊ’ ಮತ್ತು ‘ಕೋ’ ಬೆರೆತುಹೋದರೆ ಗದರಬೇಡಿ. ‘ಕೊಡ’, ‘ಕೋಳಿ’ ಎಂದು ಎಳೆದು ಹೇಳಿ ವ್ಯತ್ಯಾಸ ಕೇಳಿಸಿ.

ಬರವಣಿಗೆ

ವಿಜಯದಶಮಿಯಂದು ತಟ್ಟೆಯ ಅಕ್ಕಿಯ ಮೇಲೆ ಅಕ್ಷರ ಬರೆಸುವ ಪದ್ಧತಿ ಹಲವು ಮನೆಗಳಲ್ಲಿದೆ. ಆ ತಟ್ಟೆಯನ್ನು ಮರುದಿನವೂ ಎತ್ತಿಡಬೇಡಿ. ಎಳೆಯ ಬೆರಳುಗಳಿಗೆ ಪೆನ್ಸಿಲ್‌ಗಿಂತ ಅಕ್ಕಿ, ರವೆ, ಮರಳು ಹಿತ. ಸಾಮಾನಿನ ಚೀಟಿ ಬರೆಯುವಾಗ ಮಗುವಿಗೂ ಒಂದು ಚೀಟಿ ಕೊಡಿ. ಗೀಚಿದ್ದನ್ನು ‘ಏನು ಬರೆದೆ, ಓದು’ ಎಂದು ಕೇಳಿ. ಪುಟಗಟ್ಟಲೆ ಕಾಪಿ ಬರೆಸುವುದು ಈ ವಯಸ್ಸಿಗೆ ಶಿಕ್ಷೆ.

ಪುಸ್ತಕ ಎಲ್ಲಿ ಸಿಗುತ್ತದೆ?

ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ ಜಾಲತಾಣದಲ್ಲಿ ಕನ್ನಡದ ಚಿತ್ರಕತೆಗಳು ಉಚಿತ. ನ್ಯಾಷನಲ್ ಬುಕ್ ಟ್ರಸ್ಟ್ ಪುಸ್ತಕಗಳ ಬೆಲೆ ಕಡಿಮೆ. ಹಳ್ಳಿಯಲ್ಲಿರುವವರು ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗಿ ವಿಚಾರಿಸಿ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಅಲ್ಲಿ ಮಕ್ಕಳನ್ನು ಉಚಿತವಾಗಿ ಸದಸ್ಯರನ್ನಾಗಿ ಮಾಡಿಕೊಳ್ಳಲಾಗುತ್ತಿದೆ.

ಇಷ್ಟೆಲ್ಲ ಮಾಡಿಯೂ ಮಗು ಸದ್ದುಗಳನ್ನು ಗುರುತಿಸಲು ತಡವರಿಸುತ್ತಿದ್ದರೆ, ಪುಸ್ತಕವನ್ನು ಕಣ್ಣಿಗೆ ತೀರಾ ಹತ್ತಿರ ಹಿಡಿಯುತ್ತಿದ್ದರೆ, ಸೋಮಾರಿ ಎನ್ನುವ ಮೊದಲು ಕಿವಿ ಮತ್ತು ಕಣ್ಣಿನ ತಪಾಸಣೆ ಮಾಡಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗಳಿಗೂ ಸರ್ಕಾರಿ ಶಾಲೆಗಳಿಗೂ ಬಂದು ಉಚಿತವಾಗಿ ಪರೀಕ್ಷಿಸುತ್ತದೆ. ಯಾವಾಗ ಬರುತ್ತಾರೆಂದು ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿ ತಿಳಿದುಕೊಳ್ಳಿ.