‘ತಾಗಿದಾಗ’ ಮತ್ತು ‘ತಾಗಿದ್ದರಿಂದ’

ಲೋಕ ಈಗಿರುವಂತಲ್ಲದೆ ಬೇರೆ ಹೇಗೆಲ್ಲ ಇರಬಹುದಿತ್ತು ಎಂಬ ‘ಸಾಧ್ಯ ಲೋಕ’ಗಳ ವಿಷಯವನ್ನು ನಾನು ಮೊದಲು ಓದಿದ್ದು ಇಂಗ್ಲಿಷಿನಲ್ಲಿ. ಪರೀಕ್ಷೆ ಪಾಸಾಯಿತು, ವಿಷಯ ತಲೆಗೆ ಹತ್ತಲಿಲ್ಲ. ಹತ್ತಿದ್ದು ದಾವಣಗೆರೆಯ ನಮ್ಮ ಮನೆಯಲ್ಲಿ, ಇಸ್ಲಾಮೀ ಚಿಂತಕ ಗಝಾಲಿಯ ವಾದವನ್ನು ಕನ್ನಡದಲ್ಲಿ ಬರೆದುಕೊಳ್ಳಲು ಕೂತಾಗ.

ಗಝಾಲಿ ತೀರಿಕೊಂಡದ್ದು 1111ರಲ್ಲಿ. ಅವರ ಉದಾಹರಣೆ ಬೆಂಕಿ ಮತ್ತು ಹತ್ತಿ. ಬೆಂಕಿ ತಾಗುತ್ತದೆ, ಹತ್ತಿ ಸುಡುತ್ತದೆ. ನಾವು ಕಂಡದ್ದೇನು? ‘ತಾಗಿದಾಗ ಸುಟ್ಟಿತು’, ಅಷ್ಟೇ. ‘ತಾಗಿದ್ದರಿಂದ ಸುಟ್ಟಿತು’ ಎಂಬುದನ್ನು ಯಾರ ಕಣ್ಣೂ ಕಂಡಿಲ್ಲ. ಸುಡುವಂತೆ ಮಾಡುವವನು ದೇವರು. ಅವನು ಬಯಸಿದರೆ ಹತ್ತಿ ಸುಡದೆಯೂ ಇದ್ದೀತು. ಈ ಎರಡು ಪದ ಬರೆದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇಡೀ ವಾದ ಅವುಗಳಲ್ಲೇ ಕೂತುಬಿಟ್ಟಿತ್ತು.

ಅಪ್ಪ ಹತ್ತಿ ಮಿಲ್ಲಿನಲ್ಲಿ ದುಡಿದವರು. ಅವರಿಗೆ ಓದಿ ಹೇಳಿದೆ.

“ಸುಡದೇ ಇದ್ದೀತು ಅಂತ ಹತ್ತಿ ಮೂಟೆ ಪಕ್ಕ ಬೀಡಿ ಹಚ್ಚೋಕಾಗುತ್ತೇನೋ?” ಎಂದರು.

ಗಝಾಲಿಯೂ ಇಂಥದೇ ಪ್ರಶ್ನೆಯನ್ನು ಎತ್ತಿಕೊಳ್ಳುತ್ತಾರೆ. ಮನೆಯಲ್ಲಿ ಬಿಟ್ಟುಬಂದ ಪುಸ್ತಕ ಈಗ ಕುದುರೆಯಾಗಿದ್ದರೆ? ಅದು ಸಾಧ್ಯ, ಆದರೆ ಆಗಿಲ್ಲ ಎಂಬ ತಿಳಿವನ್ನೂ ದೇವರೇ ನಮ್ಮಲ್ಲಿ ಇಟ್ಟಿದ್ದಾನೆ, ನಡೆದುಬಂದ ರೂಢಿ ಅದನ್ನು ಗಟ್ಟಿ ಮಾಡುತ್ತದೆ ಎನ್ನುತ್ತಾರೆ. ಹಾಗಂತ ಎಲ್ಲವೂ ಸಾಧ್ಯವಲ್ಲ. ಒಂದೇ ಮಾತು ಹೌದೂ ಆಗಿ ಅಲ್ಲವೂ ಆಗುವುದು ಅವರಿಗೂ ಅಸಾಧ್ಯವೇ.

ಅಲ್ಲಿಂದ ಒಂದು ಅಭ್ಯಾಸ ಬಂತು. ಯಾವ ವಾದ ಓದಿದರೂ ನೋಟ್‌ಬುಕ್ಕಿನಲ್ಲಿ ಮೂರು ಕ್ರಿಯಾಪದ ಬರೆಯುತ್ತೇನೆ: ಸುಡಲೇಬೇಕು, ಸುಟ್ಟೀತು, ಸುಡಲಾರದು. ಗಝಾಲಿಗಿಂತ ಹಿಂದಿನ ತತ್ವಜ್ಞಾನಿ ಇಬ್ನ್ ಸೀನಾ ಹೇಳುವ ವಾಜಿಬ್, ಮುಮ್ಕಿನ್, ಮುಮ್ತನಿ ಇವುಗಳಿಗೆ ಇದು ಹತ್ತಿರದ ಕನ್ನಡ. ಮುಮ್ಕಿನ್ ಅಂತೂ ನಮ್ಮೂರ ಉರ್ದು ಮಾತಿನಲ್ಲಿ ದಿನಾ ಕೇಳುವ ಪದ, ಅಲ್ವಾ?

ಒಂದು ಕಡೆ ದೊಡ್ಡ ತಪ್ಪು ಮಾಡಿದೆ. ಸಾಧ್ಯವಿರುವ ಲೋಕಗಳೆಲ್ಲ ನಮ್ಮ ಲೋಕದಷ್ಟೇ ನಿಜ ಎಂದು ಅಮೆರಿಕದ ತತ್ವಜ್ಞಾನಿ ಡೇವಿಡ್ ಲೂಯಿಸ್ 1986ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಅದನ್ನು ಓದಿದ ಹುರುಪಿನಲ್ಲಿ ‘ಗಝಾಲಿಯ ಸುಡದ ಹತ್ತಿ ಇನ್ನೊಂದು ಲೋಕದಲ್ಲಿ ಇದೆ’ ಎಂದು ಬರೆದೆ. ಗಝಾಲಿಯಲ್ಲಿ ಅಂಥ ಲೋಕ ಎಲ್ಲೂ ಇಲ್ಲ. ಇರುವುದು ದೇವರ ಶಕ್ತಿ, ಅದರೊಳಗೆ ಆಗದೆ ಉಳಿದ ಸಾಧ್ಯತೆ. ಸಾಧ್ಯ ಲೋಕ ದೂರದರ್ಶಕದಲ್ಲಿ ಹುಡುಕಿ ಕಾಣುವಂಥದ್ದಲ್ಲ ಎಂದ ಇನ್ನೊಬ್ಬ ತತ್ವಜ್ಞಾನಿ ಕ್ರಿಪ್ಕಿಯನ್ನು ಓದಿದ ಮೇಲೆ ಆ ಸಾಲು ಹೊಡೆದುಹಾಕಿದೆ.

ಈಗ, ಮುಂದೆ ಬಂದ ತತ್ವಜ್ಞಾನಿ ಇಬ್ನ್ ರುಶ್ದ್ ಗಝಾಲಿಗೆ ಕೊಟ್ಟ ಉತ್ತರ ಓದುತ್ತಿದ್ದೇನೆ. ವಸ್ತುವಿಗೆ ಅದರದೇ ಸ್ವಭಾವ ಇಲ್ಲದಿದ್ದರೆ ಅದಕ್ಕೊಂದು ಹೆಸರಾದರೂ ಹೇಗೆ ಉಳಿದೀತು ಎಂದು ಅವರು ಕೇಳುತ್ತಾರೆ. ಸುಡದ ಬೆಂಕಿಯನ್ನು ಬೆಂಕಿ ಅನ್ನುವುದು ಹೇಗೆ? ಅಪ್ಪ ಇಬ್ನ್ ರುಶ್ದ್ ಪಕ್ಷ. ನಾನು ಇನ್ನೂ ‘ತಾಗಿದಾಗ’ ಎಂಬಲ್ಲೇ ಇದ್ದೇನೆ.