ಹಳೆ ಗೋದಾಮು, ಗುಜರಿ ಸಾಮಾನು, ಮತ್ತೊಂದು ಮಳೆ ಕೋಣೆ

"ಗುಜರಿಯಿಂದ ಒಂದು ಆರ್ಟ್ ಸ್ಪೇಸ್ ಮಾಡ್ಬೇಕು ಅಂತ ಉಂಟು, ಎಲ್ಲಿಂದ ಶುರು ಮಾಡೋದು" ಅಂತ ಕೇಳುವವರಿಗೆಲ್ಲ ನಾನು ಹೇಳೋದು ಒಂದೇ, ಗುಜರಿ ಅಂಗಡಿಗೆ ಈಗಲೇ ಹೋಗ್ಬೇಡಿ ಮಾರಾಯ್ರೆ. ನಾವು ಐದಾರು ಜನ ಮಂಗಳೂರಿನ ಬೋಳಾರದ ಕಡೆ ಒಂದು ಹಂಚಿನ ಮಾಡಿನ ಗೋದಾಮು ಬಾಡಿಗೆಗೆ ತಗೊಂಡಾಗ ಮೊದಲ ವಾರವೇ ಮಾಡಿದ ತಪ್ಪು ಅದು. ಹೊಲಿಗೆ ಮಿಶಿನಿನ ಕಾಲು, ಟಯರು, ಒಡೆದ ಸಿಂಕು, ಬಸ್ಸಿನ ಸೀಟು ಅಂತ ಕಂಡದ್ದೆಲ್ಲ ತಂದು ತುಂಬಿಸಿ ಕೊನೆಗೆ ನಮಗೇ ನಿಲ್ಲಲಿಕ್ಕೆ ಜಾಗ ಇಲ್ಲ, ಪಕ್ಕದ ಮನೆಯವರು ಬಂದು ಕಬ್ಬಿಣ ಕಿಲೋಗೆ ಎಷ್ಟು ತಗೊಳ್ತೀರಿ ಅಂತ ಕೇಳಿದ್ರು!

ಮೊದಲು ನೋಡ್ಬೇಕಾದದ್ದು ಮಾಡನ್ನು, ಅಂದ್ರೆ ಛಾವಣಿಯನ್ನು. ನಮ್ಮ ಊರಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳ್ತದೆ, ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಹಾಗಾಗಿ ಬೇಸಿಗೆಯಲ್ಲಿ ಚಂದ ಕಂಡ ಜಾಗ ಜುಲೈಯಲ್ಲಿ ಎಂತ ಆಗ್ತದೆ ಅಂತ ನೋಡದೆ ಅಡ್ವಾನ್ಸ್ ಕೊಡ್ಬೇಡಿ. ಒಂದು ಸ್ಕ್ರೂ ಡ್ರೈವರ್ ತಗೊಂಡು ಹಂಚು ಹೊತ್ತ ಮರದ ಪಕ್ಕಾಸು, ಅದರ ಮೇಲಿನ ರೀಪು ಪಟ್ಟಿ ಎಲ್ಲ ಕುತ್ತಿ ನೋಡಿ, ಸುಲಭದಲ್ಲಿ ಒಳಗೆ ಹೋದ್ರೆ ಗೆದ್ದಲು ಅಥವಾ ಮರ ಕುಂಬಾದದ್ದು (ಕೊಳೆತದ್ದು), ಅಂಥದ್ದರ ಕೆಳಗೆ ಜನರನ್ನು ನಿಲ್ಲಿಸುದು ಬೇಡ. ಹಿಂದಿನ ಚಾವಡಿಗೆ ಸಿಮೆಂಟ್ ಶೀಟ್ ಹಾಕಿದ್ದಿದ್ರೆ ಅದು ಆಸ್ಬೆಸ್ಟಾಸ್ ಇರ್ಬಹುದು, ಅದನ್ನು ಕೊಯ್ಯುದು, ತೂತು ಮಾಡುದು, ಉಜ್ಜುದು ಯಾವುದೂ ಬೇಡ, ಅದರ ಧೂಳು ಶ್ವಾಸಕೋಶಕ್ಕೆ ಹೋದ್ರೆ ವಾಪಸ್ ಬರುದಿಲ್ಲ.

ಆಮೇಲೆ ಮಳೆ ಬರುವ ರಾತ್ರಿ ಟಾರ್ಚ್ ಮತ್ತು ಚಾಕ್‌ಪೀಸ್ ಹಿಡ್ಕೊಂಡು ಒಳಗೆ ಕೂತ್ಕೊಳ್ಳಿ. ಎಲ್ಲೆಲ್ಲಿ ಸೋರ್ತದೋ ಅಲ್ಲೆಲ್ಲ ನೆಲಕ್ಕೆ ಗುರುತು ಹಾಕಿ. ಎಲ್ಲ ಸೋರಿಕೆ ಸರಿ ಮಾಡುವ ಪ್ಲಾನ್ ನಮ್ಮದಿತ್ತು, ಆದ್ರೆ ಮೂಲೆಯ ಕೋಣೆಯಲ್ಲಿ ಆ ರಾತ್ರಿ ನಾಲ್ಕು ಕಡೆ ನೀರು ತೊಟ್ಟಿಕ್ಕುತ್ತಾ ಇತ್ತು, ಒಂದು ಬಕೆಟಿಗೆ, ಒಂದು ತಗಡಿನ ಮೇಲೆ, ಎರಡು ಹಂಚಿನ ರಾಶಿ ಮೇಲೆ, ಅದರ ಶಬ್ದ ಕೇಳ್ತಾ ಕೂತವರು ಯಾರೂ ಅರ್ಧ ಗಂಟೆ ಮಾತಾಡ್ಲಿಲ್ಲ. ಅಲ್ಲೇ ಡಿಸೈಡ್ ಆಯ್ತು, ಈ ಕೋಣೆ ರಿಪೇರಿ ಮಾಡುದಿಲ್ಲ, ಇದೇ ನಮ್ಮ ಮಳೆ ಕೋಣೆ ಅಂತ.

ಇಂಥದ್ದಕ್ಕೆ ಇಮ್ಮರ್ಸಿವ್ ಆರ್ಟ್ ಅಂತಾರೆ, ಹಾಗೆ ಅಂದ ಕೂಡಲೇ ಪ್ರೊಜೆಕ್ಟರ್ ತಲೆಗೆ ಬರ್ತದೆ ಎಲ್ಲರಿಗೂ. ನೋಡುವವ ಚಿತ್ರದ ಎದುರು ನಿಲ್ಲದೆ ಅದರ ಒಳಗೇ ನಿಲ್ಬೇಕು, ವಿಷಯ ಅಷ್ಟೇ. ಇಟಲಿಯ ಆಂಟೋನಿಯೋ ಮೊಸ್ಕೇನಿ 1899ರ ಸುಮಾರಿಗೆ ಬಂದು ನಮ್ಮ ಅಲೋಶಿಯಸ್ ಚಾಪೆಲಿನ ಗೋಡೆ, ಸೀಲಿಂಗ್ ಎಲ್ಲ ಚಿತ್ರದಲ್ಲೇ ತುಂಬಿಸಿದ್ರು, ಒಳಗೆ ಹೋಗಿ ಕುತ್ತಿಗೆ ಎತ್ತಿದ್ರೆ ಗೊತ್ತಾಗ್ತದೆ, ಕರೆಂಟೇ ಬೇಡ ಅದಕ್ಕೆ. ರಾತ್ರಿ ಭೂತ ಕೋಲದಲ್ಲಿ ದೊಂದಿ ಬೆಳಕು, ತೆಂಬರೆ ವಾದ್ಯ, ಹೊಗೆ, ತೆಂಗಿನ ಸಿರಿಯ (ಎಳೆ ಗರಿಯ) ಸದ್ದು ಎಲ್ಲ ಸೇರಿ ಆಗುವುದೂ ಅದೇ. ಆದ್ರೆ ಒಂದು ಮಾತು, ಅಲ್ಲಿಂದ ಕಲೀರಿ, ದೈವ ಕಟ್ಟುವವರ ಬೆನ್ನಿನ ಅಣಿ, ಮೊಗ (ಮುಖವಾಡ) ಇಂಥದ್ದನ್ನು ಡೆಕೋರೇಶನ್ನಿಗೆ ತರ್ಬೇಡಿ. ಅದು ನಂಬಿಕೆಯ ವಸ್ತು, ಗುಜರಿ ಅಲ್ಲ.

ಈಗ ಮಳೆ ಕೋಣೆ ಮಾಡುವ ಕ್ರಮ. ಅಡಿಕೆ ಮರ ಸೀಳಿ ದಂಬೆ ಮಾಡಿಸಿ, ಹಳ್ಳಿ ಕಡೆ ತೋಟಕ್ಕೆ ನೀರು ಹಾಯಿಸ್ಲಿಕ್ಕೆ ಇಡ್ತಿದ್ರಲ್ಲ ಹಾಗೆ, ಸಿಗದಿದ್ರೆ ಹಳೆ ಪಿವಿಸಿ ಪೈಪನ್ನು ಉದ್ದಕ್ಕೆ ಕೊಯ್ದ್ರೂ ಆಗ್ತದೆ. ಅದನ್ನು ಸೋರುವ ಜಾಗದ ಕೆಳಗೆ ಎರಡು ಮೀಟರ್ ಎತ್ತರದಲ್ಲಿ ಸ್ವಲ್ಪ ಇಳಿಜಾರಾಗಿ ಕಟ್ಟಿ, ನೀರು ಬೀಳುವ ಕಡೆ ಹಳೆ ಸೊಳ್ಳೆ ಪರದೆಯ ತುಂಡು ಹಾಕಿ, ಇಲ್ಲದಿದ್ರೆ ಪಾಚಿ, ಎಲೆ ಬಂದು ಕಟ್ತದೆ. ದಂಬೆಯ ತಳಕ್ಕೆ ಎರಡು ಮೂರು ಮಿಲಿಮೀಟರಿನ ತೂತು ಬೇರೆ ಬೇರೆ ಅಂತರದಲ್ಲಿ ಮಾಡಿ. ನಮ್ಮದು ಮೊದಲ ದಿನ ಹನಿ ಬೀಳ್ಲೇ ಇಲ್ಲ, ನೀರೆಲ್ಲ ದಂಬೆಯ ಹೊಟ್ಟೆಗೆ ಅಂಟಿಕೊಂಡು ತುದಿಗೆ ಹೋಗಿ ಗೋಡೆ ಒದ್ದೆ ಮಾಡ್ತು. ಆಮೇಲೆ ಪ್ರತಿ ತೂತಿಗೆ ಒಂದು ಗೇಣು ಸುತಲಿ ಇಳಿಬಿಟ್ಟೆವು, ನೀರು ಸುತಲಿ ಹಿಡ್ಕೊಂಡು ಬಂದು ಅದರ ತುದಿಯಿಂದ ಸರಿಯಾಗಿ ಹನಿಯಾಗಿ ಬಿತ್ತು.

ಕೆಳಗೆ ಇಡುವ ಪಾತ್ರೆಯಲ್ಲೇ ಇರುದು ಮಜಾ. ಕವುಚಿ ಇಟ್ಟ ಗೆರಟೆ (ತೆಂಗಿನ ಚಿಪ್ಪು) ಟಕ್ ಅಂತದೆ, ಅರ್ಧ ನೀರಿದ್ದ ಮಣ್ಣಿನ ಮಡಕೆ ಗ್ಲುಕ್ ಅಂತದೆ, ತಾಮ್ರದ ಹಂಡೆಯನ್ನು ನೆಲಕ್ಕೆ ನೇರ ಇಟ್ರೆ ಶಬ್ದ ಸತ್ತು ಹೋಗ್ತದೆ, ನಾರಿನ ಸಿಂಬೆ ಮೇಲೆ ಕವುಚಿ ಇಟ್ರೆ ಗಂಟೆಯ ಹಾಗೆ. ಈ ಪಾತ್ರೆಗಳನ್ನು ದುಡ್ಡು ಕೊಟ್ಟು ತರ್ಬೇಡಿ. ಬೀದಿಯ ಮನೆಗಳ ಅಟ್ಟದಲ್ಲಿ ಉಪಯೋಗಕ್ಕಿಲ್ಲದ ಹಂಡೆ, ಕೊಪ್ಪರಿಗೆ ಎಷ್ಟೋ ಬಿದ್ದಿರ್ತದೆ, ಮಳೆಗಾಲ ಮುಗಿದ ಮೇಲೆ ವಾಪಸ್ ಕೊಡ್ತೇವೆ ಅಂತ ಕೇಳಿ ತನ್ನಿ, ಮನೆಯವರ ಹೆಸರು ಚೀಟಿಯಲ್ಲಿ ಬರೆದು ಕಟ್ಟಿ. ನಮ್ಮ ಪೋಸ್ಟರ್ ನೋಡಿ ಒಬ್ಬರೂ ಬಂದಿರ್ಲಿಲ್ಲ, ಹಂಡೆ ಕೊಟ್ಟ ಅಜ್ಜಿ ಮಾತ್ರ ಮೂರನೇ ದಿನ ಮೊಮ್ಮಕ್ಕಳನ್ನೆಲ್ಲ ಕಟ್ಟಿಕೊಂಡು ಬಂದು "ನಮ್ಮ ಹಂಡೆ ಯಾವುದು ಮಗಾ, ಅದರ ಸ್ವರ ಕೇಳಿಸು" ಅಂದ್ರು. ಕಮ್ಯೂನಿಟಿ ಬಿಲ್ಡಿಂಗ್, ಅಂದ್ರೆ ಊರವರನ್ನು ಒಟ್ಟು ಸೇರಿಸುದು, ಅಂತ ನಾವು ವರ್ಕ್‌ಶಾಪಿಗೆ ಬರೆದಿಟ್ಟ ಪ್ಲಾನೆಲ್ಲ ಆಮೇಲೆ ಬೇಕೇ ಆಗ್ಲಿಲ್ಲ.

ಕೋಣೆ ಕತ್ತಲೆ ಮಾಡ್ಲಿಕ್ಕೆ ಹೊಸ ಬಟ್ಟೆ ತಗೊಂಡ್ರೆ ಬಜೆಟ್ ಅಲ್ಲೇ ಮುಗೀತದೆ. ಕೊಡೆ ರಿಪೇರಿಯವರ ಹತ್ರ ಕೇಳಿ, ಕಡ್ಡಿ ಮುರಿದ ಕಪ್ಪು ಕೊಡೆ ಸಿಕ್ತದೆ. ಸಾಮಾನ್ಯ ಕೊಡೆಗೆ ಎಂಟು ಕಡ್ಡಿ, ಬಟ್ಟೆ ಬಿಚ್ಚಿದ್ರೆ ಎಂಟು ತ್ರಿಕೋನ, ಒಂದನ್ನು ನೇರ ಒಂದನ್ನು ಉಲ್ಟಾ ಇಟ್ಟು ಜೋಡಿಸಿ ಹೊಲಿದ್ರೆ ಉದ್ದದ ಪಟ್ಟಿ ಆಗ್ತದೆ, ನೀರಿಗೂ ಹೆದರ್ಬೇಕಾಗಿಲ್ಲ. ಕಣ್ಣು ಕತ್ತಲಿಗೆ ಪೂರ್ತಿ ಒಗ್ಗಲಿಕ್ಕೆ 20-30 ನಿಮಿಷ ಬೇಕು, ಅಷ್ಟು ಹೊತ್ತು ಯಾರೂ ಕಾಯುದಿಲ್ಲ, ಹಾಗಾಗಿ ಬಾಗಿಲಿಂದ ನೇರ ಒಳಗೆ ಬಿಡದೆ ಒಂದು ತಿರುವು ಇರುವ ಸಣ್ಣ ಹಾದಿ ಮಾಡಿ, ಬೆಳಕು ಹಂತ ಹಂತವಾಗಿ ಕಮ್ಮಿ ಆಗ್ಲಿ. ಹೊರಗೆ ಹೋಗ್ಲಿಕ್ಕೆ ಬೇರೆ ಬಾಗಿಲು ಇರ್ಲೇಬೇಕು, ಅದರ ಎದುರು ಏನೂ ಇಡ್ಬೇಡಿ. ಕೊಡೆ ಬಟ್ಟೆಯೂ ಮೀನಿನ ಬಲೆಯೂ ಬೆಂಕಿ ಹಿಡಿದ್ರೆ ಕರಗಿ ಮೈಗೆ ಅಂಟ್ತದೆ, ಆದ್ದರಿಂದ ದೀಪ, ಕ್ಯಾಂಡಲ್ ಬೇಡವೇ ಬೇಡ.

ಲೈಟಿಗೆ 12 ವೋಲ್ಟಿನ ಎಲ್‌ಇಡಿ ಸ್ಟ್ರಿಪ್ ಸಾಕು. ರೀಲಿನ ಮೇಲೆ ಮೀಟರಿಗೆ ಎಷ್ಟು ವಾಟ್ ಅಂತ ನೋಡಿ, 14.4 ಅಂತ ಇದ್ರೆ 5 ಮೀಟರಿಗೆ 72 ವಾಟ್, ಅಂದ್ರೆ 6 ಆಂಪ್, ಅದಕ್ಕೆ 8 ಆಂಪಿನ ಅಡಾಪ್ಟರ್ ಹಾಕಿ. ಅಡಾಪ್ಟರ್ ಒಣಗಿದ ಕೋಣೆಯಲ್ಲಿ ಎತ್ತರಕ್ಕೆ ಇರ್ಲಿ, ಒದ್ದೆ ಕೋಣೆಗೆ 12 ವೋಲ್ಟಿನ ವಯರ್ ಮಾತ್ರ ಹೋಗ್ಲಿ, ಮೈನಿಗೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಲೀಕ್ ಆದ್ರೆ ತಾನೇ ಬಂದ್ ಆಗುವ ಸ್ವಿಚ್) ಎಲೆಕ್ಟ್ರಿಶಿಯನ್ ಹತ್ರವೇ ಹಾಕಿಸಿ. ಇಲ್ಲಿ ಮಾತ್ರ ಜುಗಾಡ್ ಬೇಡ.

ಇಷ್ಟಾದ ಮೇಲೆ ಸಾಮಾನು. ನೂರು ಬಗೆಯದ್ದು ಒಂದೊಂದು ತರುದಕ್ಕಿಂತ ಒಂದೇ ಬಗೆಯದ್ದು ನೂರು ತನ್ನಿ. ಚಂಡೀಗಢದಲ್ಲಿ ನೇಕ್ ಚಂದ್ 1957ರಿಂದ ಯಾರಿಗೂ ಗೊತ್ತಾಗದ ಹಾಗೆ ಬಿಸಾಡಿದ ಸಾಮಾನಿಂದಲೇ ಕಟ್ಟಿದ ರಾಕ್ ಗಾರ್ಡನ್ ನೋಡಿ, ಒಡೆದ ಬಳೆ ಅಂದ್ರೆ ಸಾಲು ಸಾಲು ಬಳೆಯ ಬೊಂಬೆಗಳೇ. ನಮಗಂತೂ ಹಂಚು ಉಂಟು. 1860ರ ದಶಕದಲ್ಲಿ ಬಾಸೆಲ್ ಮಿಶನ್ನಿನವರು ನೇತ್ರಾವತಿ ದಡದಲ್ಲಿ ಶುರು ಮಾಡಿದ ಕಸುಬು, ಈಗ ಹಳೆ ಮನೆ ಕೆಡವಿದಲ್ಲೆಲ್ಲ ರಾಶಿ ರಾಶಿ ಹಂಚು. ಹಿಂಬದಿಯಲ್ಲಿ ಕಾರ್ಖಾನೆಯ ಹೆಸರು ಅಚ್ಚು ಹಾಕಿರ್ತಾರೆ, ಆ ಬದಿ ಹೊರಗೆ ಮಾಡಿ ಗೋಡೆಗೆ ಜೋಡಿಸಿ, ಒಂದೊಂದು ಎರಡು ಮೂರು ಕಿಲೋ ಇರ್ತದೆ, ಬರೀ ಗಮ್ಮಲ್ಲಿ ನಿಲ್ಲುದಿಲ್ಲ, ರೀಪು ಹೊಡೆದು ಅದಕ್ಕೆ ಕೊಕ್ಕೆ ಹಾಕಿ. ಪ್ಯಾಕಿಂಗ್ ಮರದ ಪ್ಯಾಲೆಟ್ ತಗೊಳ್ಳುವಾಗ ಸೀಲ್ ನೋಡಿ, ಎಚ್‌ಟಿ ಅಂತ ಇದ್ರೆ ಬಿಸಿ ಮಾಡಿದ್ದು, ತಗೊಳ್ಳಿ, ಎಂಬಿ ಅಂತ ಇದ್ರೆ ವಿಷ ಗ್ಯಾಸ್ ಹಾಕಿದ್ದು, ಬಿಡಿ. ಗುಜರಿಯವರ ಹತ್ರ ಆರ್ಟ್ ಅಂತ ಬಾಯಿ ಬಿಡ್ಬೇಡಿ, ರೇಟು ಡಬಲ್ ಆಗ್ತದೆ, ಕೋಳಿಗೂಡಿಗೆ ಅಂತ ಹೇಳಿ.

ಸೀಲಿಂಗಿಗೆ ಕಟ್ಟಲಿಕ್ಕೆ ಹಳೆ ಮೀನಿನ ಬಲೆ ಬೇಕಾದ್ರೆ ಟ್ರಾಲಿಂಗ್ ಬ್ಯಾನ್ (ಮೀನು ಹಿಡಿಯುವ ಯಾಂತ್ರಿಕ ಬೋಟಿಗೆ ನಿಷೇಧ) ಇರುವ ಜೂನ್ 1ರಿಂದ ಜುಲೈ 31ರ ಒಳಗೆ ದಕ್ಕೆಗೆ, ಅಂದ್ರೆ ಮೀನಿನ ಬಂದರಿಗೆ, ಹೋಗಿ, ಬೋಟೆಲ್ಲ ದಡದಲ್ಲಿರ್ತದೆ, ಬಲೆ ರಿಪೇರಿ ಮಾಡುವವರೂ ಮಾತಿಗೆ ಸಿಕ್ತಾರೆ. ಗಂಟು ಹಾಕ್ಲಿಕ್ಕೆ ಕಲಿಸ್ಲಿಕ್ಕೆ ಅವರನ್ನು ಕರೆದ್ರೆ ದಿನದ ಸಂಬಳ ಕೊಡಿ, ನಿಮ್ಮ ಪ್ಯಾಶನ್ನಿಗೆ ಅವರು ಯಾಕೆ ಬಿಟ್ಟಿ ಕೆಲಸ ಮಾಡ್ಬೇಕು. ಮತ್ತೆ ಬಲೆಯನ್ನು ಸಿಹಿ ನೀರಲ್ಲಿ ಮೂರು ನಾಲ್ಕು ಸಲ ಹಿಂಡಿ ತೊಳೆಯಿರಿ, ಒಂದು ಸಲ ಸೋಪಿನ ನೀರಲ್ಲಿ ಇಡೀ ರಾತ್ರಿ ನೆನೆಹಾಕಿ. ಉಪ್ಪು ಉಳಿದ್ರೆ ಗಾಳಿಯ ಪಸೆ ಎಳ್ಕೊಂಡು ಬಲೆ ಒಣಗುದೇ ಇಲ್ಲ, ಕೊಕ್ಕೆಯೆಲ್ಲ ತುಕ್ಕು. ನಾವು ಒಂದೇ ನೀರಲ್ಲಿ ಅದ್ದಿ ಸೀಲಿಂಗಿಗೆ ಕಟ್ಟಿದ್ದು, ಓಪನಿಂಗ್ ದಿನ ಲೈಟ್ ಹಾಕುವಾಗ ಬಲೆಯ ಕೆಳಗೆ ಬೋಳಾರದ ಏಳು ಬೆಕ್ಕು ಸಾಲಾಗಿ ಮೇಲೆ ನೋಡ್ತಾ ಕೂತಿತ್ತು. ಜನ ಅದೂ ಇನ್‌ಸ್ಟಾಲೇಶನ್ ಅಂತಲೇ ಫೋಟೋ ತೆಗೆದ್ರು.

ಮೈಕ್ ಹಾಕುದಾದ್ರೆ ರಾತ್ರಿ 10ಕ್ಕೆ ಬಂದ್ ಮಾಡಿ, ರೂಲೂ ಹಾಗೇ ಉಂಟು, ಅಕ್ಕಪಕ್ಕದವರಿಗೆ ಬೆಳಿಗ್ಗೆ ಏಳ್ಲಿಕ್ಕೂ ಉಂಟು. ಕೊನೆಗೆ ಬೀಗ ಹಾಕುವವರಿಗೆ ಒಂದು ಕೆಲಸ ಕಡ್ಡಾಯ ಮಾಡಿದ್ದೇವೆ, ಪಾತ್ರೆಯ ನೀರೆಲ್ಲ ಚೆಲ್ಲಿ ಕವುಚಿ ಹೋಗ್ಬೇಕು. ಡೆಂಗಿ ಸೊಳ್ಳೆ ಮೊಟ್ಟೆ ಇಡುದು ಇಂಥ ಶುದ್ಧ ನೀರಲ್ಲೇ, ಒಂದು ವಾರ ಹಾಗೇ ಬಿಟ್ರೆ ಮರಿ ಹಾರಿಯೂ ಆಗ್ತದೆ. ಬಾಗಿಲ ಹಿಂದೆ ಅಜ್ಜಿಯ ಮೊಮ್ಮಗಳು ಚಾಕ್‌ಪೀಸಲ್ಲಿ ಬರೆದಿದ್ದಾಳೆ, "ಹಂಡೆ ಕವುಚಿದ್ರಾ?" ಅಂತ.