ಲಾರಿಗೆ ಹೊಸ ಬ್ಯಾಟರಿ: ಎಂಜಿನ್ ನಿಂತಿರುವ ಹೊತ್ತಿನ ಲೆಕ್ಕ

ಬ್ಯಾಟರಿ ಹೋಯಿತು ಅಂದರೆ ಹೆಚ್ಚಿನವರು ಹಳೆಯದರ ಮೇಲಿನ ನಂಬರ್ ನೋಡಿ ಅದೇ ಸೈಜಿನದನ್ನು ತಂದು ಕೂರಿಸುತ್ತಾರೆ. ಕಂಪನಿಯಿಂದ ಬಂದ ಹಾಗೇ ಇರುವ ಗಾಡಿಗೆ ಅಷ್ಟು ಸಾಕು. ನನ್ನ ಲಾರಿಯ ಕಥೆ ಬೇರೆ. ಕ್ಯಾಬಿನ್ನಿನಲ್ಲಿ ಫ್ಯಾನು, ಸಣ್ಣ ಫ್ರಿಜ್ಜು, ಆಂಪ್ಲಿಫೈಯರ್ ಸಮೇತ ಮ್ಯೂಸಿಕ್ ಸಿಸ್ಟಮ್, ಡ್ಯಾಶ್‌ಕ್ಯಾಮ್, ಜಿಪಿಎಸ್ ಟ್ರ್ಯಾಕರ್, ಲ್ಯಾಪ್‌ಟಾಪಿಗೊಂದು ಇನ್ವರ್ಟರ್, ಹಿಂದೆ ಲೋಡ್ ಇಳಿಸುವಾಗ ಬೇಕಾಗುವ ಎಲ್‌ಇಡಿ ಫೋಕಸ್ ಲೈಟುಗಳು. ಇವೆಲ್ಲ ಒಂದೊಂದಾಗಿ ಸೇರಿಕೊಂಡವು, ಬ್ಯಾಟರಿ ಮಾತ್ರ ಕಂಪನಿಯ ಹಳೇ ಲೆಕ್ಕದಲ್ಲೇ ಉಳಿದಿತ್ತು. ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಸ್ಟಾರ್ಟರ್ ಎಳೆಯುವುದೇ ಕಷ್ಟವಾದಾಗ ಅಂಗಡಿಗೆ ಹೋಗುವ ಮುಂಚೆ ಗಾಡಿಯನ್ನೇ ಒಮ್ಮೆ ಪೂರ್ತಿ ಅಳೆಯೋಣ ಅಂತ ಕೂತೆ.

ನನ್ನದು 24 ವೋಲ್ಟಿನ ಗಾಡಿ. ಅಂದರೆ 12 ವೋಲ್ಟಿನ ಎರಡು ಬ್ಯಾಟರಿ ಸೀರೀಸ್‌ನಲ್ಲಿ, ಒಂದರ ಪಾಸಿಟಿವ್ ಇನ್ನೊಂದರ ನೆಗೆಟಿವ್‌ಗೆ ಸೇರಿಸಿ. ಎರಡನ್ನೂ ಸೇರಿಸಿ ಮೀಟರ್ ಹಿಡಿದರೆ 24.7 ವೋಲ್ಟ್ ತೋರಿಸುತ್ತಿತ್ತು. ಪರವಾಗಿಲ್ಲ ಅನ್ನಿಸುವ ಅಂಕಿ. ಆದರೆ ಒಂದೊಂದನ್ನೇ ಅಳೆದಾಗ ಒಂದು 12.6, ಇನ್ನೊಂದು 12.1. ಮುಚ್ಚಳ ಬಿಚ್ಚಿ, ಒಳಗಿನ ಆಸಿಡ್ಡಿನ ಸಾಂದ್ರತೆ (ಗ್ರ್ಯಾವಿಟಿ) ತೋರಿಸುವ ಹೈಡ್ರೋಮೀಟರ್ ಇಳಿಸಿದೆ. ಮೊದಲನೆಯದರ ಆರೂ ಸೆಲ್ಲುಗಳಲ್ಲಿ ಗ್ರ್ಯಾವಿಟಿ 1.260ರ ಆಸುಪಾಸು, ಅಂದರೆ ಹೆಚ್ಚುಕಡಿಮೆ ಫುಲ್ ಚಾರ್ಜ್. ಎರಡನೆಯದರಲ್ಲಿ ತೇಲುಗುಂಡು 1.180ಕ್ಕೇ ಕೂತುಬಿಟ್ಟಿತು, ಎಲ್ಲ ಸೆಲ್ಲಲ್ಲೂ ಹಾಗೇ. ಒಂದೇ ಸೆಲ್ ಮಾತ್ರ ಕೆಳಗಿದ್ದಿದ್ದರೆ ಆ ಸೆಲ್ ಸತ್ತಿದೆ ಅನ್ನಬಹುದಿತ್ತು. ಆರೂ ಒಟ್ಟಿಗೆ ಕೆಳಗಿದ್ದರೆ ಆ ಬ್ಯಾಟರಿಗೆ ಹೊಟ್ಟೆ ತುಂಬುತ್ತಲೇ ಇಲ್ಲ ಅಂತ ಅರ್ಥ.

ಕಾರಣ ವೈರಿಂಗ್‌ನಲ್ಲೇ ಸಿಕ್ಕಿತು. ಮ್ಯೂಸಿಕ್ ಸಿಸ್ಟಮ್ಮೂ ಮೊಬೈಲ್ ಚಾರ್ಜರ್ ಸಾಕೆಟ್ಟೂ 12 ವೋಲ್ಟಿನವು. ಗಾಡಿ ನನ್ನ ಕೈಗೆ ಬರುವ ಮುಂಚೆಯೇ ಯಾರೋ ಅವಕ್ಕೆ ಅರ್ತ್ ಕಡೆಯ, ಅಂದರೆ ನೆಗೆಟಿವ್ ಚಾಸಿಗೆ ಸೇರಿರುವ ಕೆಳಗಿನ ಬ್ಯಾಟರಿಯೊಂದರಿಂದಲೇ ವೈರ್ ಎಳೆದಿದ್ದರು. ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ಗೆ ಕಾಣುವುದು ಒಟ್ಟು 28 ವೋಲ್ಟ್ ಮಾತ್ರ. ಅದು ಇಬ್ಬರಿಗೂ ಹೇಗೆ ಹಂಚಿಕೆಯಾಗಿದೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಕೆಳಗಿನ ಬ್ಯಾಟರಿ ದಿನಾ ಹೆಚ್ಚು ಖಾಲಿಯಾಗುತ್ತದೆ, ಪೂರ್ತಿ ತುಂಬುವುದಿಲ್ಲ, ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ಮೇಲಿನದು ತುಂಬಿದ ಮೇಲೂ ಚಾರ್ಜ್ ತಿನ್ನುತ್ತಾ ನೀರು ಒಣಗಿಸಿಕೊಳ್ಳುತ್ತದೆ. ಡಿಸ್ಟಿಲ್ಡ್ ವಾಟರ್ ಯಾವಾಗಲೂ ಆ ಒಂದಕ್ಕೇ ಜಾಸ್ತಿ ಹಿಡಿಯುತ್ತಿದ್ದುದು ಯಾಕೆ ಅಂತ ಆಗ ತಿಳಿಯಿತು. ಇದನ್ನು ಸರಿಮಾಡದೆ ಎಂಥ ಒಳ್ಳೆ ಬ್ಯಾಟರಿ ಹಾಕಿದರೂ ಅದರ ಗತಿಯೂ ಇದೇ.

ಎರಡನೇ ಪರೀಕ್ಷೆ ಸೋರಿಕೆಯದು. ಕೀ ತೆಗೆದು, ಬಾಗಿಲು ಹಾಕಿ, ನೆಗೆಟಿವ್ ಕ್ಲ್ಯಾಂಪ್ ಬಿಚ್ಚಿ ನಡುವೆ ಮಲ್ಟಿಮೀಟರನ್ನು 10 ಆಂಪಿಯರ್ ರೇಂಜಿನಲ್ಲಿಟ್ಟೆ. ಆ ಹೊತ್ತಿನಲ್ಲಿ ಅಪ್ಪಿತಪ್ಪಿ ಹೆಡ್‌ಲೈಟ್ ಹಾಕಿದರೆ, ಕೀ ತಿರುಗಿಸಿದರೆ ಮೀಟರಿನ ಫ್ಯೂಸ್ ಹೋಗುತ್ತದೆ. ಗಾಡಿಯ ಕಂಟ್ರೋಲ್ ಯೂನಿಟ್‌ಗಳು ನಿದ್ದೆಗೆ ಜಾರುವ ತನಕ ಕಾಯಬೇಕು, ತಕ್ಷಣ ತೋರಿಸುವ ಅಂಕಿ ನಂಬುವಂಥದ್ದಲ್ಲ. ಕಾದ ಮೇಲೂ 0.3 ಆಂಪಿಯರ್ ಹರಿಯುತ್ತಲೇ ಇತ್ತು, ಅಂದರೆ ದಿನಕ್ಕೆ ಏಳು ಆಂಪಿಯರ್-ಅವರ್ (ಆಂಪಿಯರನ್ನು ಗಂಟೆಯಿಂದ ಗುಣಿಸಿದ ಲೆಕ್ಕ) ಪುಕ್ಕಟೆ ಖರ್ಚು. ಫ್ಯೂಸ್ ಒಂದೊಂದೇ ಕೀಳುತ್ತಾ ಹೋದಾಗ ಕಳ್ಳ ಆಂಪ್ಲಿಫೈಯರ್ ಅಂತ ಗೊತ್ತಾಯಿತು. ಅದನ್ನು ಆನ್ ಮಾಡುವ ರಿಮೋಟ್ ವೈರನ್ನು ನೇರ ಲೈವ್‌ಗೆ ಕೊಟ್ಟಿದ್ದರು, ಹಾಗಾಗಿ ಅದು ಮಲಗುತ್ತಲೇ ಇರಲಿಲ್ಲ. ಇಗ್ನಿಷನ್ ಲೈನಿಗೆ ಬದಲಿಸಿದ ಮೇಲೆ ಉಳಿದದ್ದು 0.07 ಆಂಪಿಯರ್. ಟ್ರ್ಯಾಕರ್ ಇರುವ ಗಾಡಿಗೆ ಅದು ಹೆಚ್ಚೇನಲ್ಲ.

ಇಷ್ಟಾದ ಮೇಲೆ ಬ್ಯಾಟರಿ ಸೈಜಿನ ಲೆಕ್ಕ. ಗಾಡಿ ಓಡುವಾಗ ಫ್ಯಾನು, ಫ್ರಿಜ್ಜು, ಲೈಟು ಎಲ್ಲವನ್ನೂ ನಡೆಸುವುದು ಆಲ್ಟರ್ನೇಟರ್. ಬ್ಯಾಟರಿಗೆ ಪರೀಕ್ಷೆ ಬರುವುದು ಎಂಜಿನ್ ಆಫ್ ಆದ ಮೇಲೆ. ಆದ್ದರಿಂದ ಹತ್ತು ಗಂಟೆಯ ಒಂದು ರಾತ್ರಿ ನಿಲುಗಡೆಗೆ ಏನೇನು ಬೇಕು ಅಂತ 24 ವೋಲ್ಟಿನಲ್ಲಿ ಬರೆದುಕೊಂಡೆ. ಫ್ಯಾನ್ 1 ಆಂಪಿಯರ್, ಎಂಟು ಗಂಟೆಗೆ 8 ಆಂಪಿಯರ್-ಅವರ್. ಫ್ರಿಜ್ 2 ಆಂಪಿಯರ್ ಎಳೆದರೂ ಅರ್ಧ ಹೊತ್ತು ಕಂಪ್ರೆಸರ್ ನಿಂತಿರುತ್ತದೆ, ಹಾಗಾಗಿ 10. ಮ್ಯೂಸಿಕ್ ಎರಡು ಗಂಟೆಗೆ 4, ಮೊಬೈಲ್ ಚಾರ್ಜಿಂಗ್ 3, ಕ್ಯಾಬಿನ್ ಲೈಟ್ ಒಂದೂವರೆ, ಡ್ಯಾಶ್‌ಕ್ಯಾಮ್ ಪಾರ್ಕಿಂಗ್ ಮೋಡ್‌ನಲ್ಲಿ 2, ಟ್ರ್ಯಾಕರ್ ಅರ್ಧ. 150 ವ್ಯಾಟಿನ ಇನ್ವರ್ಟರ್ ಒಂದು ಗಂಟೆ ಓಡಿದರೆ ತನ್ನ ನಷ್ಟವೂ ಸೇರಿ 7. ಒಟ್ಟು 36 ಆಂಪಿಯರ್-ಅವರ್.

ಇಲ್ಲಿ ಬಹಳ ಜನ ಜಾರುವ ಜಾಗವೊಂದಿದೆ. 100 ಆಂಪಿಯರ್-ಅವರ್‌ನ ಎರಡು ಬ್ಯಾಟರಿ ಸೀರೀಸ್‌ನಲ್ಲಿ ಹಾಕಿದರೆ 200 ಆಗುವುದಿಲ್ಲ. ವೋಲ್ಟೇಜ್ ದುಪ್ಪಟ್ಟಾಗುತ್ತದೆ, ಆಂಪಿಯರ್-ಅವರ್ 100 ಆಗಿಯೇ ಉಳಿಯುತ್ತದೆ. ಆ 100 ಕೂಡ 20 ಗಂಟೆ ನಿಧಾನವಾಗಿ, 5 ಆಂಪಿಯರ್‌ನಂತೆ ತೆಗೆದರೆ ಸಿಗುವ ಅಂಕಿ. ಜೋರಾಗಿ ಎಳೆದರೆ ಕಡಿಮೆ ಸಿಗುತ್ತದೆ, ಚಳಿಯಲ್ಲಿ ಇನ್ನೂ ಕಡಿಮೆ, ವಯಸ್ಸಾದಂತೆ ಮತ್ತಷ್ಟು ಕಡಿಮೆ. ಹೊಸದಿದ್ದಾಗ ರಾತ್ರಿಯ ಖರ್ಚು ಮೂರನೇ ಒಂದು ಭಾಗ ದಾಟಬಾರದು, ಹಳತಾದ ಮೇಲೂ ಅರ್ಧಕ್ಕಿಂತ ಕೆಳಗೆ ಇಳಿಯಬಾರದು ಅಂತ ಲಕ್ಷ್ಮಣರೇಖೆ ಎಳೆದುಕೊಂಡೆ. 36ಕ್ಕೆ ಆ ಲೆಕ್ಕದಲ್ಲಿ 110 ಆಂಪಿಯರ್-ಅವರ್ ಆದರೂ ಬೇಕು.

ಅಂಗಡಿಯವರು ಮೊದಲು ತೆಗೆದು ತೋರಿಸಿದ್ದು ಸಿಸಿಎ ಜಾಸ್ತಿ ಇರುವ ಬ್ಯಾಟರಿ. "ಸರ್, ಇದು ಒಂದೇ ಹೊಡೆತಕ್ಕೆ ಸ್ಟಾರ್ಟ್ ಮಾಡುತ್ತೆ" ಅಂದರು. ಮಾಡುತ್ತದೆ, ಅನುಮಾನವಿಲ್ಲ. ಸಿಸಿಎ ಅಂದರೆ ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿಯಲ್ಲಿ, 30 ಸೆಕೆಂಡ್ ಕಾಲ, ವೋಲ್ಟೇಜ್ 7.2ಕ್ಕಿಂತ ಇಳಿಯದಂತೆ ಎಷ್ಟು ಆಂಪಿಯರ್ ಕೊಡಬಲ್ಲದು ಅನ್ನುವ ಅಳತೆ. ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟು ಇರಲೇಬೇಕು. ಅದಕ್ಕಿಂತ ಬಹಳ ಹೆಚ್ಚಿಗೆ ಇದ್ದರೆ ನನಗೇನು ಲಾಭ? ಅದೇ ಸೈಜಿನ ಡಬ್ಬಿಯಲ್ಲಿ ಸಿಸಿಎ ಏರಿಸಬೇಕಾದರೆ ತೆಳು ಪ್ಲೇಟುಗಳನ್ನು ಜಾಸ್ತಿ ತುಂಬುತ್ತಾರೆ. ತೆಳು ಪ್ಲೇಟು ಒಂದು ಕ್ಷಣಕ್ಕೆ ಭಾರಿ ಕರೆಂಟ್ ಕೊಡುತ್ತದೆ, ಆದರೆ ರಾತ್ರಿಯಿಡೀ ಇಳಿಸಿ ಬೆಳಿಗ್ಗೆ ಏರಿಸುವ ಕೆಲಸಕ್ಕೆ ಬೇಗ ಸವೆಯುತ್ತದೆ. ನಾನು ಕೇಳಿದ್ದು ರಿಸರ್ವ್ ಕೆಪ್ಯಾಸಿಟಿ: 25 ಆಂಪಿಯರ್ ಎಳೆಯುತ್ತಾ ಹೋದರೆ 10.5 ವೋಲ್ಟಿಗೆ ಇಳಿಯಲು ಎಷ್ಟು ನಿಮಿಷ ಅನ್ನುವ ಅಂಕಿ. ಅಷ್ಟು ಕೇಳಿದ ಮೇಲೆ ಅವರ ವ್ಯಾಪಾರದ ಮಾತೂ ಸ್ವಲ್ಪ ಬದಲಾಯಿತು.

ಬಗೆ ಯಾವುದು ಅನ್ನುವುದಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳಲಿಲ್ಲ. ಮನೆಯ ಇನ್ವರ್ಟರಿಗೆ ಹಾಕುವ ಟ್ಯೂಬುಲರ್ ಬ್ಯಾಟರಿ ಹಾಕಿಬಿಡು ಅನ್ನುವವರಿದ್ದಾರೆ. ಅದು ನಿಧಾನವಾಗಿ ಕೊಡಲು ಮಾಡಿದ್ದು, ಸ್ಟಾರ್ಟರ್ ಕೇಳುವ ಕರೆಂಟಿಗೂ ಚಾಸಿಯ ಕುಲುಕಾಟಕ್ಕೂ ಅಲ್ಲ. ಲಿಥಿಯಂ ಹಗುರ, ಆಳಕ್ಕೆ ಇಳಿಸಬಹುದು, ಆದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡುವಂತಿಲ್ಲ, ಒಳಗಿನ ಬಿಎಂಎಸ್ (ಬ್ಯಾಟರಿ ಕಾಯುವ ಎಲೆಕ್ಟ್ರಾನಿಕ್ ಸರ್ಕ್ಯೂಟ್) ಒಮ್ಮೆಲೇ ಕಟ್ ಆದರೆ ಓಡುತ್ತಿರುವ ಆಲ್ಟರ್ನೇಟರಿಗೇ ಅಪಾಯ. ಉಳಿದದ್ದು ಇಎಫ್‌ಬಿ ಮತ್ತು ಎಜಿಎಂ. ಇಎಫ್‌ಬಿ ಅಂದರೆ ಮಾಮೂಲಿ ಆಸಿಡ್ ಬ್ಯಾಟರಿಯದ್ದೇ ಸುಧಾರಿಸಿದ ರೂಪ, ಮಾಮೂಲಿಗಿಂತ ಹೆಚ್ಚು ಏರಿಳಿತ ತಾಳುತ್ತದೆ, ಬೆಲೆಯೂ ತೀರಾ ಏರುವುದಿಲ್ಲ. ಎಜಿಎಂನಲ್ಲಿ ಆಸಿಡ್ಡನ್ನು ಗಾಜಿನ ನಾರಿನ ಚಾಪೆ ಹೀರಿಕೊಂಡಿರುತ್ತದೆ. ಪ್ಲೇಟುಗಳು ಬಿಗಿಯಾಗಿ ಕೂತಿರುವುದರಿಂದ ಕುಲುಕಿಗೆ ಉದುರುವುದು ಕಡಿಮೆ, ಚಾರ್ಜನ್ನೂ ಬೇಗ ತೆಗೆದುಕೊಳ್ಳುತ್ತದೆ.

ಎಜಿಎಂಗೆ ಆಗದ ಎರಡು ವಿಷಯ ಶಾಖ ಮತ್ತು ಹೆಚ್ಚಿನ ವೋಲ್ಟೇಜ್. ನನ್ನ ಬ್ಯಾಟರಿ ಪೆಟ್ಟಿಗೆ ಚಾಸಿಯ ಪಕ್ಕದಲ್ಲಿ, ಸೈಲೆನ್ಸರ್ ಆಚೆ ಕಡೆ, ಹಾಗಾಗಿ ಶಾಖದ ಚಿಂತೆ ಇರಲಿಲ್ಲ. ಎಂಜಿನ್ ಓಡುವಾಗ ಟರ್ಮಿನಲ್ಲಿನಲ್ಲೇ ಅಳೆದರೆ 28.2 ವೋಲ್ಟ್, ಎಲ್ಲ ಲೈಟು ಫ್ಯಾನು ಹಾಕಿದರೂ 27.6. ಇದು 29.6 ದಾಟುವ ಗಾಡಿಯಾಗಿದ್ದರೆ ರೆಗ್ಯುಲೇಟರ್ ಸರಿಮಾಡಿಸದೆ ಎಜಿಎಂ ಮುಟ್ಟುತ್ತಿರಲಿಲ್ಲ. ಅದಕ್ಕೆ ನೀರು ಹಾಕಿ ಉಳಿಸಿಕೊಳ್ಳುವ ದಾರಿಯೇ ಇಲ್ಲ. ಇನ್ನು ಮುಂದೆ ಹೈಡ್ರೋಮೀಟರಿಗೂ ಕೆಲಸವಿಲ್ಲ ಅನ್ನುವುದೊಂದೇ ಬೇಜಾರು, ವೋಲ್ಟ್ ಮೀಟರನ್ನೇ ನಂಬಬೇಕು.

ಕೊನೆಗೆ 115 ಆಂಪಿಯರ್-ಅವರ್‌ನ ಎಜಿಎಂ ಜೋಡಿಯನ್ನೇ ತೆಗೆದುಕೊಂಡೆ. ಹಳೆಯ ಎರಡರಲ್ಲಿ ಒಂದು ಚೆನ್ನಾಗಿಯೇ ಇತ್ತಲ್ಲ, ಒಂದನ್ನೇ ಬದಲಿಸಿದರೆ ಸಾಲದೇ ಅಂತ ಕೇಳಬಹುದು. ಸೀರೀಸ್‌ನಲ್ಲಿ ಹಳತು ಹೊಸತು ಜೋಡಿಸಿದರೆ ಒಂದು ಹಸಿದಿರುತ್ತದೆ, ಇನ್ನೊಂದು ಉಬ್ಬಸಪಡುತ್ತದೆ. ಅಷ್ಟೇ ಅಲ್ಲ, ತಯಾರಿಕೆಯ ತಿಂಗಳೂ ಒಂದೇ ಇರುವ ಎರಡನ್ನು ಹುಡುಕಿಸಿ, ಅಂಗಡಿಯಲ್ಲೇ ಮೀಟರ್ ಹಿಡಿದೆ. ಎರಡೂ 12.8ರ ಮೇಲಿದ್ದವು. 12.5ಕ್ಕಿಂತ ಕೆಳಗಿದ್ದರೆ ಬಹಳ ಕಾಲ ಕಪಾಟಿನಲ್ಲಿ ಕೂತಿದೆ ಅಂತ ವಾಪಸ್ ಕೊಡುತ್ತಿದ್ದೆ. ಉದ್ದ, ಅಗಲ, ಎತ್ತರದ ಜೊತೆ ಪಾಸಿಟಿವ್ ಕಂಬ ಯಾವ ಕಡೆಗಿದೆ ಅಂತಲೂ ನೋಡಬೇಕು. ತಿರುವುಮುರುವಾದರೆ ಕೇಬಲ್ ಎಟಕುವುದಿಲ್ಲ, ಎಳೆದು ಕಟ್ಟಿದರೆ ಪೆಟ್ಟಿಗೆಯ ತಗಡಿಗೆ ಉಜ್ಜುತ್ತದೆ.

ಜೋಡಿಸುವಾಗ ಮೊದಲ ಕೆಲಸ ಆ 12 ವೋಲ್ಟಿನ ಕಳ್ಳ ವೈರನ್ನು ಕಿತ್ತದ್ದು. ಅದರ ಬದಲು 24ರಿಂದ 12ಕ್ಕೆ ಇಳಿಸುವ 20 ಆಂಪಿಯರ್ ಕನ್ವರ್ಟರ್ ಹಾಕಿ, ಅದಕ್ಕೆ ಎರಡೂ ಬ್ಯಾಟರಿ ಸೇರಿದ ಲೈನ್ ಕೊಟ್ಟೆ. ಬ್ಯಾಟರಿಯ ಹತ್ತಿರವೇ ಫ್ಯೂಸ್. ಫ್ರಿಜ್, ಮ್ಯೂಸಿಕ್, ಇನ್ವರ್ಟರ್ ಮೂರನ್ನೂ ಲೋ-ವೋಲ್ಟೇಜ್ ಕಟ್‌ಆಫ್ ಮೂಲಕ ಹಾಯಿಸಿದೆ, 24.2ಕ್ಕೆ ಇಳಿದರೆ ತಾನೇ ಬಂದ್ ಆಗುತ್ತದೆ. ಟ್ರ್ಯಾಕರ್ ಮತ್ತು ಪಾರ್ಕಿಂಗ್ ಲೈಟ್ ಮಾತ್ರ ಅದರಾಚೆ. ಕ್ಲ್ಯಾಂಪುಗಳನ್ನು ಹೊಳೆಯುವ ತನಕ ಉಜ್ಜಿ ಕೂರಿಸಿ, ಸ್ಟಾರ್ಟರ್ ಎಳೆಯುವಾಗ ಬ್ಯಾಟರಿಯ ಪಾಸಿಟಿವ್‌ನಿಂದ ಸ್ಟಾರ್ಟರಿನ ಪಾಸಿಟಿವ್‌ವರೆಗೆ ಎಷ್ಟು ವೋಲ್ಟ್ ಕಳೆದುಹೋಗುತ್ತದೆ ಅಂತ ಅಳೆದೆ. ಅರ್ಧ ವೋಲ್ಟಿನ ಒಳಗಿತ್ತು.

ಈಗ ರಾತ್ರಿ ನಿಂತು ಬೆಳಿಗ್ಗೆ ಕೀ ತಿರುಗಿಸುವ ಮುಂಚೆ ನೋಡಿದರೆ 25 ವೋಲ್ಟಿನ ಆಸುಪಾಸು, ಎರಡರ ನಡುವಿನ ವ್ಯತ್ಯಾಸ 0.1ಕ್ಕಿಂತ ಕಡಿಮೆ. ದೂರದ ಬಾಡಿಗೆ ಇದ್ದರೆ ಆಲ್ಟರ್ನೇಟರ್ ಅದನ್ನು ಪೂರ್ತಿ ತುಂಬುತ್ತದೆ. ಹತ್ತಿರದ ಸಣ್ಣ ಟ್ರಿಪ್ಪುಗಳಲ್ಲಿ ಹಾಗಾಗುವುದಿಲ್ಲ, ಏಕೆಂದರೆ ಮೊದಲ ಭಾಗ ಬೇಗ ತುಂಬಿದರೂ ಕೊನೆಯ ಶೇಕಡಾ 20 ಗಂಟೆಗಟ್ಟಲೆ ಹಿಡಿಯುತ್ತದೆ. ಅಂಥ ವಾರಗಳಲ್ಲಿ ರಜೆಯ ದಿನ ಎಜಿಎಂ ಮೋಡ್ ಇರುವ ಚಾರ್ಜರ್ ಹಚ್ಚಿಡುತ್ತೇನೆ.

ಕ್ಯಾಬಿನ್ನಿಗೆ ಪಾರ್ಕಿಂಗ್ ಎಸಿ ಹಾಕಿಸಣ್ಣ ಅಂತ ಕ್ಲೀನರ್ ಹುಡುಗ ಕೇಳುತ್ತಲೇ ಇದ್ದಾನೆ. ಸರಾಸರಿ 20 ಆಂಪಿಯರ್ ಅಂತಿಟ್ಟುಕೊಂಡರೂ ಎಂಟು ಗಂಟೆಗೆ 160 ಆಂಪಿಯರ್-ಅವರ್, ಈ ಜೋಡಿ ಒಟ್ಟಾರೆ ಹಿಡಿಯುವುದೇ 115. ಅದಕ್ಕೆ ಬೇರೆಯೇ ಬ್ಯಾಟರಿ ಸೆಟ್ಟು, ನಡುವೆ ಎರಡು ಸೆಟ್ಟನ್ನೂ ಬೇರೆಯಾಗಿಡುವ ಐಸೊಲೇಟರ್, ಹೆಚ್ಚು ಕರೆಂಟ್ ಕೊಡುವ ಆಲ್ಟರ್ನೇಟರ್ ಎಲ್ಲ ಬೇಕು. ಸದ್ಯಕ್ಕೆ ಎರಡನೇ ಫ್ಯಾನ್ ಹಾಕಿಸಿಕೊಡುತ್ತೇನೆ ಅಂದಿದ್ದೇನೆ.